ಬನಶಂಕರಿಯಿಂದ ಶಾಂತಿನಗರಕ್ಕೆ ಸೈಕಲ್‌ನಲ್ಲಿ ಹೋಗಬಹುದಾ?

ಪ್ರಶ್ನೆ: ನನಗೆ 38 ವರ್ಷ. ಮನೆ ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ, ಆಫೀಸು ಶಾಂತಿನಗರದಲ್ಲಿ. ಆರೇಳು ಕಿಲೋಮೀಟರ್ ಆಗುತ್ತದೆ. ಸ್ಕೂಟರ್ ಬಿಟ್ಟು ಸೈಕಲ್‌ನಲ್ಲಿ ಹೋಗೋಣ ಅನ್ನಿಸಿದೆ. ಏಳನೇ ಕ್ಲಾಸಿನ ಮಗಳೂ ಸ್ಕೂಲಿಗೆ ಸೈಕಲ್ ಬೇಕು ಅಂತ ಹಟ ಹಿಡಿದಿದ್ದಾಳೆ. ಅವಳ ಸ್ಕೂಲು ಒಂದೂವರೆ ಕಿ.ಮೀ. ನಮ್ಮ ಮನೆಯವರು ‘ಈ ಟ್ರಾಫಿಕ್‌ನಲ್ಲಿ ಸುಮ್ನೆ ಪ್ರಾಣ ಕಳ್ಕೊಳ್ಬೇಡಿ’ ಅಂತಾರೆ. ಬಡಾವಣೆಯ ಹತ್ತು ಹದಿನೈದು ಜನ ಸೇರಿ, ಸೈಕಲ್ ಪಥ ಮಾಡಿಕೊಡಿ ಅಂತ ಅರ್ಜಿ ಕೊಡಬೇಕು ಅಂತಿದ್ದೇವೆ. ಯಾರಿಗೆ ಕೊಡಬೇಕು, ಏನಂತ ಬರೆಯಬೇಕು? ಹಾಗೇ, ಎಂಥ ಸೈಕಲ್ ತಗೊಳ್ಳಲಿ?

ಉತ್ತರ: ಹೋಗಬಹುದು. ಆದರೆ ಈಗ ಸ್ಕೂಟರ್‌ನಲ್ಲಿ ಹೋಗುವ ದಾರಿಯಲ್ಲಿ ಬೇಡ.

ನಿಮ್ಮ ಮನೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ ಅದು. ಅದರಲ್ಲಿ 74,897 ಮಂದಿ ಬೈಕು, ಸ್ಕೂಟರ್‌ಗಳ ಮೇಲಿದ್ದವರು. ಅಂದರೆ ನೀವು ದಿನಾ ಓಡಿಸುವ ಗಾಡಿಯೂ ಅಷ್ಟೇನೂ ಕ್ಷೇಮದ್ದಲ್ಲ. ಹಾಗಂತ ಈ ಅಂಕಿ ತೋರಿಸಿ ಸೈಕಲ್ಲೇ ಸೇಫು ಅಂತ ಮನೆಯಲ್ಲಿ ವಾದಕ್ಕೆ ಇಳಿಯಬೇಡಿ, ಸೋಲುತ್ತೀರಿ. ಬೈಕುಗಳೇ ಜಾಸ್ತಿ ಇರುವ ದೇಶದಲ್ಲಿ ಬೈಕಿನವರ ಸಾವೂ ಜಾಸ್ತಿಯೇ ಇರುತ್ತದೆ.

ಅದೇ ಲೆಕ್ಕದಲ್ಲಿ ಇನ್ನೊಂದು ಮಾತಿದೆ. ಸುಮಾರು ಹತ್ತು ಸಾವಿನಲ್ಲಿ ಏಳಕ್ಕೆ ಅತಿವೇಗ ಕಾರಣ. ನಿಮಗೆ ಬೇಕಾಗಿರುವುದು ಇದು. ಗಾಡಿಯ ವೇಗ ಎರಡು ಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ ಅಂತ ಹೈಸ್ಕೂಲಿನಲ್ಲೇ ಓದಿದ್ದೇವೆ. ರಸ್ತೆಯ ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೂ ಸಾವು ತರುವ ಅಪಘಾತದ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಏರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೇ ಯಾರಾದರೂ ‘ಈ ರಸ್ತೆಯಲ್ಲಿ ಸೈಕಲ್ ಹೊಡೀಬಹುದಾ’ ಅಂತ ಕೇಳಿದರೆ ನಾನು ಅಲ್ಲಿ ಪಥ ಇದೆಯಾ ಅಂತ ನೋಡುವುದಿಲ್ಲ. ಪಕ್ಕದಲ್ಲಿ ಹಾದು ಹೋಗುವ ಗಾಡಿಗಳ ವೇಗ ಎಷ್ಟು ಅಂತ ನೋಡುತ್ತೇನೆ. ನಿಮ್ಮ ದಾರಿಯನ್ನೂ ಹೀಗೇ ಆರಿಸಿಕೊಳ್ಳಿ. ನಿಮ್ಮ ಅರ್ಜಿಯನ್ನೂ ಹೀಗೇ ಬರೆಯಿರಿ.

ಮೊದಲು ದಾರಿ. ಈ ವಿಷಯದಲ್ಲಿ ದಕ್ಷಿಣ ಬೆಂಗಳೂರಿನವರು ಪುಣ್ಯವಂತರು. ಬಸವನಗುಡಿ, ಜಯನಗರ, ಬನಶಂಕರಿ ಇವೆಲ್ಲ ಮೇನು, ಕ್ರಾಸು ಅಂತ ಚೌಕ ಹಾಕಿ ಕಟ್ಟಿದ ಬಡಾವಣೆಗಳು. ಬಸ್ಸು ಓಡುವ ರಸ್ತೆಗೆ ಎರಡು ರಸ್ತೆ ಆಚೆ, ಅದೇ ದಿಕ್ಕಿಗೆ ಹೋಗುವ ಇನ್ನೊಂದು ಮೇನ್ ಇರುತ್ತದೆ. ಅಲ್ಲಿ ಹೊಂಗೆ ಮರ, ಸೊಪ್ಪಿನ ಗಾಡಿ, ನಡುರಸ್ತೆಯಲ್ಲೇ ಮಲಗಿದ ನಾಯಿ. ಯಾವ ಕಾರಿನವನೂ ಅಲ್ಲಿ ಅರವತ್ತರಲ್ಲಿ ಹೋಗಲಾರ. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆಯವರಿಗೆ ಈ ಭಾಗ್ಯ ಇಲ್ಲ. ಅಲ್ಲಿ ಹಳ್ಳಿಯ ಹಳೇ ದಾರಿಯೇ ಮೇನ್ ರೋಡು. ಅದರ ಎರಡೂ ಕಡೆ ಗೇಟು ಹಾಕಿಕೊಂಡ ಲೇಔಟುಗಳು. ಪಕ್ಕದಿಂದ ನುಸುಳಿ ಹೋಗಲು ದಾರಿಯೇ ಇಲ್ಲ.

ನೀವು ಜಯನಗರದ ಒಳರಸ್ತೆಗಳನ್ನು ಹಿಡಿದು ಅಶೋಕ ಪಿಲ್ಲರ್ ಕಡೆಗೆ ಬನ್ನಿ. ಲಾಲ್‌ಬಾಗನ್ನು ಸುತ್ತಿಕೊಂಡೇ ಹೋಗಬೇಕು. ಸಿದ್ದಾಪುರದ ಬದಿಯಿಂದ ವಿಲ್ಸನ್ ಗಾರ್ಡನ್‌ನ ಕ್ರಾಸುಗಳೊಳಗೆ ಸೇರಿಕೊಂಡರೆ ಶಾಂತಿನಗರ ಹತ್ತಿರವೇ. ಒಂದು ಕಿಲೋಮೀಟರ್ ಜಾಸ್ತಿ ಆಗಬಹುದು, ಆಗಲಿ. ಗಂಟೆಗೆ ಹನ್ನೆರಡು ಹದಿಮೂರು ಕಿ.ಮೀ. ಅಂತ ನಿಧಾನಕ್ಕೆ ಹೊಡೆದರೂ ನಲವತ್ತು ನಿಮಿಷ ಸಾಕು.

ಒಳರಸ್ತೆ ಎಷ್ಟೇ ಚೆನ್ನಾಗಿದ್ದರೂ ಮೂರು ನಾಲ್ಕು ಕಡೆ ದೊಡ್ಡ ರಸ್ತೆ ದಾಟಲೇಬೇಕು. ಅಪಾಯ ಇರುವುದು ಅಲ್ಲಿ. ಸಿಗ್ನಲ್ ಇರುವಲ್ಲೇ ದಾಟುವ ಹಾಗೆ ದಾರಿ ಹೊಂದಿಸಿಕೊಳ್ಳಿ. ಭಯವಾದರೆ ಇಳಿದು ತಳ್ಳಿಕೊಂಡು ದಾಟಿ. ನಾನು ಈ ಊರಲ್ಲಿ ಇಪ್ಪತ್ತು ವರ್ಷದಿಂದ ಸೈಕಲ್ ಹೊಡೆಯುತ್ತಿದ್ದೇನೆ. ಈಗಲೂ ಕೆಲವು ಸರ್ಕಲ್‌ಗಳಲ್ಲಿ ಇಳಿದೇ ದಾಟುತ್ತೇನೆ.

ಇನ್ನು ರಸ್ತೆಯ ಮೇಲೆ ನೀವು ಎಲ್ಲಿರಬೇಕು ಅನ್ನುವುದು. ‘ಎಡಕ್ಕೆ ಅಂಟಿಕೊಂಡು ಹೋಗು’ ಅಂತ ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಅರ್ಧ ಸರಿ. ಎಡಕ್ಕೇ ಇರಬೇಕು, ಆದರೆ ಅಂಟಿಕೊಳ್ಳಬಾರದು. ಎಡದ ಅಂಚಿನಲ್ಲೇ ಮರಳು, ಜಲ್ಲಿ, ಚರಂಡಿಯ ಜಾಲರಿ, ಮುರಿದ ಚಪ್ಪಡಿ ಎಲ್ಲ ಇರುವುದು. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಡಿ. ಹಿಂದೆ ನೋಡದೆ ಬಾಗಿಲು ತೆಗೆಯುವವರು ಎಲ್ಲ ಬೀದಿಯಲ್ಲೂ ಇದ್ದಾರೆ. ನೇರ ಗೆರೆಯಲ್ಲಿ ಹೋಗಿ. ಎರಡು ಕಾರಿನ ಮಧ್ಯೆ ಖಾಲಿ ಜಾಗ ಸಿಕ್ಕಿತು ಅಂತ ಒಳಗೆ ಹೋಗಿ ಮತ್ತೆ ಹೊರಗೆ ಬಂದರೆ, ಹಿಂದಿನವನಿಗೆ ನೀವು ದಿಢೀರನೆ ಎದುರಾದ ಹಾಗೆ.

ಬಸ್ಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಸ್ಸು ನಿಮ್ಮನ್ನು ದಾಟಿಕೊಂಡು ಮುಂದೆ ಹೋಗಿ, ಐವತ್ತು ಅಡಿ ಆಚೆ ಸ್ಟಾಪಿನಲ್ಲಿ ಎಡಕ್ಕೆ ಎಳೆಯುತ್ತದೆ. ಆಗ ಬಸ್ಸಿಗೂ ಫುಟ್‌ಪಾತಿಗೂ ಮಧ್ಯೆ ಜಾಗ ಕಂಡರೆ ಖಂಡಿತ ನುಗ್ಗಬೇಡಿ. ಡ್ರೈವರ್‌ಗೆ ಆ ಜಾಗ ಸರಿಯಾಗಿ ಕಾಣುವುದಿಲ್ಲ. ಲಾರಿ, ಟ್ಯಾಂಕರ್ ಎಡಕ್ಕೆ ತಿರುಗುವಾಗಲೂ ಅಷ್ಟೇ. ಮುಂದಿನ ಚಕ್ರ ಅಗಲವಾಗಿ ಸುತ್ತುತ್ತದೆ, ಹಿಂದಿನ ಚಕ್ರ ಮೂಲೆಯನ್ನು ಸವರಿಕೊಂಡು ಬರುತ್ತದೆ. ನೀವು ಆ ಮೂಲೆಯಲ್ಲಿ ಕಾಲೂರಿ ನಿಂತಿದ್ದರೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಸಿಗ್ನಲ್‌ನಲ್ಲಿ ದೊಡ್ಡ ಗಾಡಿ ಇದ್ದರೆ ಅದರ ಹಿಂದೆ ನಿಲ್ಲಿ. ಹೊಗೆ ಕುಡಿಯಬೇಕಾಗುತ್ತದೆ, ಏನು ಮಾಡುವುದು.

ವೈಟ್ ಟಾಪಿಂಗ್ ಆದ ರಸ್ತೆಗಳ ಅಂಚನ್ನೂ ನೋಡಿಕೊಳ್ಳಿ. ಕಾಂಕ್ರೀಟು ಮುಗಿದು ಪಕ್ಕದ ನೆಲ ಶುರುವಾಗುವಲ್ಲಿ ಎರಡು ಮೂರು ಇಂಚಿನ ಮೆಟ್ಟಿಲು ಉಳಿದಿರುತ್ತದೆ. ಅದೂ ಅಡ್ಡಕ್ಕಲ್ಲ, ನೀವು ಹೋಗುವ ದಿಕ್ಕಿಗೇ ಉದ್ದಕ್ಕೂ. ಕಾರಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಸೈಕಲ್‌ನ ತೆಳು ಚಕ್ರ ಅದನ್ನು ಓರೆಯಾಗಿ ಹತ್ತಲು ಹೋದರೆ ಉಜ್ಜಿಕೊಂಡು ಜಾರುತ್ತದೆ. ನಾನು ಹಾಗೇ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಹಿಂದೆ ಬರುತ್ತಿದ್ದ ಆಟೋದವರು ಸರಿಯಾದ ಹೊತ್ತಿಗೆ ಬ್ರೇಕ್ ಹಾಕಿದರು, ಅವರ ಪುಣ್ಯದಿಂದ ಇವತ್ತು ನಿಮಗೆ ಉತ್ತರ ಬರೆಯುತ್ತಿದ್ದೇನೆ. ಅಂಥ ಅಂಚು ಹತ್ತಲೇಬೇಕಾದರೆ ನಿಧಾನ ಮಾಡಿ, ಹ್ಯಾಂಡಲ್ ತಿರುಗಿಸಿ, ಆದಷ್ಟು ನೇರವಾಗಿ ಎದುರು ಹತ್ತಿಸಿ. ಸೀಳು ಉದ್ದಕ್ಕೆ ಇರುವ ಚರಂಡಿ ಜಾಲರಿಗೂ ಇದೇ ಮಾತು.

ಮಳೆಯಲ್ಲಿ ನೀರು ನಿಂತ ಕಡೆ ಹೋಗಬೇಡಿ. ಕೆಳಗೆ ಮ್ಯಾನ್‌ಹೋಲ್ ಮುಚ್ಚಳ ಇದೆಯೋ ಇಲ್ಲವೋ ಹೇಳಲಾಗದು. ಜೋರು ಮಳೆ ಬಂದ ದಿನ ಸೈಕಲ್ ಆಫೀಸಿನಲ್ಲೇ ಬಿಟ್ಟು ಬಸ್ಸಿನಲ್ಲಿ ಬನ್ನಿ. ಹಿಂದೆ ಕೆಂಪು ದೀಪ ಇರಲೇಬೇಕು, ಸಂಜೆ ಆರರ ನಂತರ ಅದೇ ನಿಮ್ಮ ಗುರುತು. ಹೆಲ್ಮೆಟ್ ಹಾಕಿಕೊಳ್ಳಿ. ಜಾರಿ ಬಿದ್ದಾಗ ತಲೆ ಕಾಯುತ್ತದೆ. ಬಸ್ಸು ಗುದ್ದಿದರೆ ಕಾಯುತ್ತದೆ ಅಂತ ಮಾತ್ರ ನಂಬಬೇಡಿ.

ಈಗ ಅರ್ಜಿ. ಇಲ್ಲಿ ನಿಮ್ಮ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ‘ಸೈಕಲ್ ಪಥ ಮಾಡಿಕೊಡಿ’ ಅಂತ ಒಂದೇ ಸಾಲು ಬರೆದುಕೊಡಬೇಡಿ. ಅದು ಸಿಕ್ಕರೂ ನಿಮಗೆ ಉಳಿಯುವುದಿಲ್ಲ. ನಿಮ್ಮ ಪಕ್ಕದ ಜಯನಗರದಲ್ಲೇ 2012ರ ಹೊತ್ತಿಗೆ ಸೈಕಲ್ ಪಥ ಮಾಡಿದ್ದರು. ಜನ ಖುಷಿಪಟ್ಟರು, ಪೇಪರಿನಲ್ಲಿ ಫೋಟೋ ಬಂತು. ಆಮೇಲೆ ಅದರ ಮೇಲೆ ಕಾರು ನಿಂತವು. ಕಾರು ನಿಂತ ಮೇಲೆ ಸೈಕಲ್‌ನವರು ಪಥದ ಹೊರಗೆ, ಅಂದರೆ ಮೊದಲಿಗಿಂತಲೂ ರಸ್ತೆಯ ನಡುವಿಗೆ ಬಂದರು. 2020ರಲ್ಲಿ ಕೋವಿಡ್ ಕಾಲದಲ್ಲಿ ಹೊರ ವರ್ತುಲ ರಸ್ತೆಯ ಸರದಿ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿ.ಮೀ. ಪಥದ ಯೋಜನೆ ಹಾಕಿ, ರಸ್ತೆಗೆ ಗೂಟ ನೆಟ್ಟು ತಾತ್ಕಾಲಿಕ ಪಥ ಮಾಡಿದರು. ಕೇಂದ್ರ ಸರ್ಕಾರದ ಸೈಕಲ್ ಸ್ಪರ್ಧೆಯಲ್ಲಿ ಗೆದ್ದ 11 ನಗರಗಳಲ್ಲಿ ಬೆಂಗಳೂರೂ ಒಂದಾಯಿತು. ಗೂಟಗಳ ಸಂದಿಯಲ್ಲಿ ಬೈಕುಗಳು ನುಗ್ಗಿದವು, ಗೂಟ ಮುರಿದವು, ಮೆಟ್ರೋ ಕೆಲಸ ಬಂದು ಉಳಿದದ್ದನ್ನೂ ನುಂಗಿತು.

ಯಾಕೆ ಹೀಗಾಗುತ್ತದೆ? ಜನ ಸರಿ ಇಲ್ಲ ಅಂತ ಹೇಳಿ ಸುಮ್ಮನಾಗುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ಪಥದ ನಕ್ಷೆ ಬರೆಯುವುದು ಒಂದು ಕಚೇರಿ. ರಸ್ತೆ ಮಾಡುವುದು ಇನ್ನೊಂದು. ಅದರ ಮೇಲೆ ನಿಂತ ಕಾರು ಎತ್ತಬೇಕಾದವರು ಟ್ರಾಫಿಕ್ ಪೊಲೀಸರು. ಅಗೆಯುವವರು ನೀರಿನವರು, ಕೇಬಲ್‌ನವರು, ಕರೆಂಟಿನವರು. ಉದ್ಘಾಟನೆಯ ಮಾರನೇ ದಿನ ಆ ಪಥಕ್ಕೆ ಯಾರೂ ದಿಕ್ಕಿಲ್ಲ. ಇನ್ನೊಂದು, ಪಥ ಜಂಕ್ಷನ್ ಹತ್ತಿರ ಬರುತ್ತಿದ್ದ ಹಾಗೆ ಮಾಯವಾಗುತ್ತದೆ. ಎಲ್ಲಿ ಬೇಕೋ ಅಲ್ಲೇ ಇಲ್ಲ.

ಸೈಕಲ್ ಅಂದ ಕೂಡಲೇ ನೆದರ್ಲೆಂಡ್ಸ್ ಹೆಸರು ಹೇಳುತ್ತಾರೆ. ಅಲ್ಲೂ ಮೊದಲಿಂದ ಈಗಿನ ಹಾಗೆ ಇರಲಿಲ್ಲ. 1971ರಲ್ಲಿ ಅಷ್ಟು ಸಣ್ಣ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅದರಲ್ಲಿ 400ಕ್ಕಿಂತ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ಅಪ್ಪ ಅಮ್ಮಂದಿರು ಬೀದಿಗೆ ಬಂದು ಕೂತರು. ಅವರ ಬೇಡಿಕೆಯಲ್ಲಿ ಸೈಕಲ್ ಪಥವಷ್ಟೇ ಇರಲಿಲ್ಲ, ಮನೆ ಮುಂದಿನ ಬೀದಿಯಲ್ಲಿ ಕಾರು ನಿಧಾನ ಹೋಗಬೇಕು ಅನ್ನುವುದೂ ಇತ್ತು. 1976ರಲ್ಲಿ ಅಂಥ ಬೀದಿಗಳಿಗೆ ಕಾನೂನಿನ ಬಲವೇ ಸಿಕ್ಕಿತು. ಆ ಬೀದಿಯಲ್ಲಿ ಕಾರು ನಡಿಗೆಯ ವೇಗದಲ್ಲೇ ಹೋಗಬೇಕು.

ನಿಮ್ಮ ಹದಿನೈದು ಜನರಿಗೂ ನನ್ನ ಸಲಹೆ ಇದೇ. ಊರಿನ ಲೆಕ್ಕ ಬಿಟ್ಟು ನಿಮ್ಮ ಮನೆಯಿಂದ ಮಗಳ ಸ್ಕೂಲಿನವರೆಗಿನ ಒಂದೂವರೆ ಕಿಲೋಮೀಟರ್ ಹಿಡಿಯಿರಿ. ಆ ದಾರಿಯಲ್ಲಿ 30 ಕಿ.ಮೀ. ವೇಗದ ಮಿತಿ ಕೇಳಿ. ಬರೀ ಬೋರ್ಡು ಹಾಕಿದರೆ ಯಾರೂ ಓದುವುದಿಲ್ಲ, ಅದಕ್ಕೆ ರಸ್ತೆಯೇ ಹಾಗೆ ಇರಬೇಕು. ಕ್ರಾಸು ಸೇರುವಲ್ಲಿ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದ ಅಗಲವಾದ ದಾಟು ಕೇಳಿ. ಹಂಪು ಕೇಳುವುದಾದರೆ ಅಳತೆ ಬರೆದೇ ಕೇಳಿ. ರಸ್ತೆ ಹೇಗಿರಬೇಕು ಅಂತ ಮಾನದಂಡ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಮ್ಮೂರಲ್ಲಿ ರಾತ್ರೋರಾತ್ರಿ ಹಾಕುವ ಡಾಂಬರಿನ ಗುಡ್ಡೆಗಳು ಸೊಂಟ ಮುರಿಯುತ್ತವೆ. ಕತ್ತಲಲ್ಲಿ ಸೈಕಲ್‌ನವರನ್ನೇ ಮೊದಲು ಬೀಳಿಸುತ್ತವೆ. ಮೂಲೆಯ ಹತ್ತಿರ ಪಾರ್ಕಿಂಗ್ ಬೇಡ ಅಂತ ಕೇಳಿ, ಮಕ್ಕಳು ಕಾಣಬೇಕಲ್ಲ. ಉದ್ದ ಸೀಳಿನ ಜಾಲರಿ ಎಲ್ಲೆಲ್ಲಿದೆ ಅಂತ ಫೋಟೋ ತೆಗೆದು, ಹತ್ತಿರದ ಮನೆ ನಂಬರ್ ಸಮೇತ ಪಟ್ಟಿ ಕೊಡಿ. ಅಡ್ಡ ಸೀಳಿನದಕ್ಕೆ ಬದಲಿಸಲು ದೊಡ್ಡ ಟೆಂಡರ್ ಬೇಕಿಲ್ಲ. ಒನ್‌ವೇ ಒಳರಸ್ತೆ ಇದ್ದರೆ, ಸೈಕಲ್‌ಗಳಿಗೆ ಎರಡೂ ಕಡೆ ಬಿಡಿ ಅಂತ ಕೇಳಿ. ಒನ್‌ವೇ ಮಾಡಿದ್ದು ಕಾರುಗಳ ದಟ್ಟಣೆಗೆ, ಅದರ ಸುತ್ತು ಸೈಕಲ್‌ನವರು ಯಾಕೆ ತುಳಿಯಬೇಕು?

ದೊಡ್ಡ ರಸ್ತೆಗಳಿಗೆ ಪಥ ಬೇಡವೇ ಅಂದರೆ, ಖಂಡಿತ ಬೇಕು. ಗಾಡಿಗಳು ಐವತ್ತು ಅರವತ್ತರಲ್ಲಿ ಓಡುವ ಕಡೆ ಎತ್ತರಿಸಿದ, ಕಾರು ಹತ್ತಲಾಗದ ಪಥವೇ ಬೇಕು. ಆದರೆ ಅದು ಕೋಟಿಗಳ ಕೆಲಸ, ವರ್ಷಗಳ ಜಗಳ. ಮೊದಲ ಅರ್ಜಿಗೆ ಅಷ್ಟು ಭಾರ ಹೊರಿಸಬೇಡಿ.

ಅರ್ಜಿ ಬರೆಯುವ ಮೊದಲು ಒಂದು ಕೆಲಸ ಮಾಡಿ. ಹಿಂದೊಮ್ಮೆ ನಾವು ಒಂದು ಕಚೇರಿಗೆ ಹೋದಾಗ ಅಲ್ಲಿನ ಇಂಜಿನಿಯರ್ ‘ಈಗ ಯಾರ್ರೀ ಸೈಕಲ್ ಹೊಡೀತಾರೆ?’ ಅಂತ ನಕ್ಕರು. ನಾವು ಏಳೆಂಟು ಜನ ಒಂದು ವಾರ ಬೆಳಿಗ್ಗೆ ಆರರಿಂದ ಎಂಟರವರೆಗೆ ಜಂಕ್ಷನ್‌ನಲ್ಲಿ ನಿಂತು ಎಣಿಸಿದೆವು. ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಬಣ್ಣದ ಡಬ್ಬ ನೇತುಹಾಕಿಕೊಂಡ ಪೇಂಟರ್, ಗೊನೆ ಗೊನೆ ಎಳನೀರು ಕಟ್ಟಿಕೊಂಡು ತಳ್ಳುತ್ತಾ ಬರುವವರು. ಅರ್ಜಿ ಹಿಡಿದು ಹೋಗಿದ್ದ ನಮ್ಮ ಹಾಗೆ ಹೆಲ್ಮೆಟ್, ಗ್ಲೌಸ್ ಹಾಕಿದವರು ಅಲ್ಲಿ ಅಪರೂಪ. ಪಟ್ಟಿ ನೋಡಿ ಆ ಇಂಜಿನಿಯರ್ ನಗಲಿಲ್ಲ. ನಮಗೇ ಸ್ವಲ್ಪ ನಾಚಿಕೆಯಾಯಿತು, ಅಷ್ಟು ದಿನ ನಾವೂ ಅವರನ್ನು ಎಣಿಸಿರಲಿಲ್ಲ. ನಿಮ್ಮ ಅರ್ಜಿಯಲ್ಲಿ ಅವರ ಸಹಿಯೂ ಇರಲಿ.

ಯಾರಿಗೆ ಕೊಡಬೇಕು? 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ನಿಮ್ಮ ಬೀದಿ ಯಾವ ಪಾಲಿಕೆಯದು ಅಂತ ಮೊದಲು ನೋಡಿಕೊಳ್ಳಿ. ಜಾಲರಿ, ಹಂಪು, ಎತ್ತರದ ದಾಟು ಎಲ್ಲ ಪಾಲಿಕೆಯ ವಾರ್ಡ್ ಇಂಜಿನಿಯರ್‌ಗೆ. ಪಾರ್ಕಿಂಗ್, ಒನ್‌ವೇ, ವೇಗದ ಮಿತಿ ನಿಮ್ಮ ಭಾಗದ ಟ್ರಾಫಿಕ್ ಠಾಣೆಗೆ. ಎರಡರ ಪ್ರತಿಯನ್ನೂ ನಗರ ಭೂ ಸಾರಿಗೆ ನಿರ್ದೇಶನಾಲಯಕ್ಕೆ ಕಳಿಸಿ. 2013ರಲ್ಲಿ ಬೆಂಗಳೂರಿನಲ್ಲಿ ‘ಸೈಕಲ್ ದಿನ’ ಶುರುವಾಗಿದ್ದು ಅವರ ಮುಂದಾಳತ್ವದಲ್ಲೇ. ನಿಮ್ಮ ಬೀದಿಯಲ್ಲೂ ಒಂದು ಭಾನುವಾರ ಬೆಳಿಗ್ಗೆ ಗಾಡಿ ನಿಲ್ಲಿಸಿ ಸೈಕಲ್ ದಿನ ಮಾಡೋಣ ಅಂತ ಕೇಳಿ. ಮೂರು ಗಂಟೆ ಬೀದಿ ಖಾಲಿಯಾದರೆ, ಈವರೆಗೆ ನಿಮ್ಮ ಅರ್ಜಿಗೆ ಸಹಿ ಹಾಕದ ಅಜ್ಜಂದಿರೂ ಕುರ್ಚಿ ಹಾಕಿಕೊಂಡು ಹೊರಗೆ ಬರುತ್ತಾರೆ.

ಕಾನೂನಿನ ಎರಡು ನಂಬರ್ ನೆನಪಿಟ್ಟುಕೊಳ್ಳಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯಿತು. ಅದರ 138(1ಎ) ಕಲಮಿನ ಪ್ರಕಾರ ನಡೆಯುವವರ ಮತ್ತು ಮೋಟಾರು ಇಲ್ಲದ ಗಾಡಿಗಳ ವಿಷಯದಲ್ಲಿ ರಾಜ್ಯ ಸರ್ಕಾರ ನಿಯಮ ಮಾಡಬಹುದು. 198ಎ ಕಲಮಿನ ಪ್ರಕಾರ, ರಸ್ತೆಯನ್ನು ನಿಗದಿತ ಗುಣಮಟ್ಟಕ್ಕೆ ಮಾಡದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ, ರಸ್ತೆಯ ಹೊಣೆ ಹೊತ್ತ ಅಧಿಕಾರಿಗೆ, ಕಂಟ್ರಾಕ್ಟರ್‌ಗೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಈ ಕಲಮನ್ನು ಬೆದರಿಕೆಯ ಹಾಗೆ ಬರೆಯಬೇಡಿ. ಅರ್ಜಿಯ ಕೊನೆಯಲ್ಲಿ ಸುಮ್ನೆ ಒಂದು ಸಾಲು ಸಾಕು. ಓದಬೇಕಾದವರು ಓದಿಕೊಳ್ಳುತ್ತಾರೆ. ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಮಗಳ ವಿಷಯ. ಹನ್ನೆರಡು ವರ್ಷದ ಹುಡುಗಿಗೆ ಒಂದೂವರೆ ಕಿ.ಮೀ. ಏನೇನೂ ಅಲ್ಲ. ಆದರೆ ಒಬ್ಬಳನ್ನೇ ಕಳಿಸಬೇಡಿ. ಮೊದಲ ಒಂದು ತಿಂಗಳು ನೀವೂ ಜೊತೆಗೆ ಹೋಗಿ. ಅವಳು ಮುಂದೆ, ನೀವು ಸ್ವಲ್ಪ ಹಿಂದೆ ಬಲಕ್ಕೆ. ಆಮೇಲೆ ಅದೇ ದಾರಿಯ ನಾಲ್ಕೈದು ಮಕ್ಕಳನ್ನು ಸೇರಿಸಿ. 2006-07ರಿಂದ ನಮ್ಮ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದ ಕಾಲದಲ್ಲಿ ಹಳ್ಳಿಗಳ ಕಡೆ ಓಡಾಡಿದವರಿಗೆ ಗೊತ್ತು, ಹೆಣ್ಣುಮಕ್ಕಳು ಹಿಂಡು ಕಟ್ಟಿಕೊಂಡೇ ಹೈಸ್ಕೂಲಿಗೆ ಹೋಗುತ್ತಿದ್ದರು. ಹಿಂಡು ದೂರದಿಂದಲೇ ಕಾಣುತ್ತದೆ, ಲಾರಿಯವನೂ ನಿಧಾನ ಮಾಡುತ್ತಾನೆ. ನಿಮ್ಮ ದಾರಿಯಲ್ಲಿ ಅತಿ ಕೆಟ್ಟ ಜಾಗ ಯಾವುದು ಗೊತ್ತಾ? ಸ್ಕೂಲಿನ ಗೇಟಿನ ಮುಂದಿನ ನೂರು ಅಡಿ. ಮಕ್ಕಳನ್ನು ಬಿಡಲು ಬಂದ ನಮ್ಮ ನಿಮ್ಮಂಥವರ ಕಾರುಗಳು ಅಲ್ಲಿ ಹಿಂದೆ ಮುಂದೆ ಹೋಗುತ್ತಿರುತ್ತವೆ. ಅಲ್ಲಿ ಮಾತ್ರ ಮಕ್ಕಳು ಇಳಿದು ತಳ್ಳಿಕೊಂಡು ಹೋಗಲಿ. ಸೈಕಲ್ ಮಕ್ಕಳಿಗೆ ಗೇಟು ಹತ್ತು ನಿಮಿಷ ಮೊದಲು ತೆಗೆಯಲು ಸಾಧ್ಯವೇ ಅಂತ ಹೆಡ್‌ಮಿಸ್ ಹತ್ತಿರ ಕೇಳಿ ನೋಡಿ. ಬ್ಯಾಗು ಕ್ಯಾರಿಯರ್ ಮೇಲೆ ಕಟ್ಟಲಿ, ಹ್ಯಾಂಡಲ್‌ಗೆ ನೇತುಹಾಕುವುದು ಬೇಡ.

ಕೊನೆಗೆ ಸೈಕಲ್. ಅಂಗಡಿಯವರು ಮುಂದೆ ಸ್ಪ್ರಿಂಗ್ ಇರುವ ದಪ್ಪ ಚಕ್ರದ್ದನ್ನೇ ಮೊದಲು ತೋರಿಸುತ್ತಾರೆ. ಭಾರ ಜಾಸ್ತಿ, ಏರಿನಲ್ಲಿ ಸುಸ್ತು. ರೇಸಿನ ಬಾಗಿದ ಹ್ಯಾಂಡಲ್ಲೂ ಬೇಡ. ನೆಟ್ಟಗೆ ಕೂತು ರಸ್ತೆ ನೋಡುವಂಥದ್ದು, ಹಿಂದೆ ಏಳು ಗೇರ್, ಮಧ್ಯಮ ದಪ್ಪದ ಟೈರು. ಚೂಡಿದಾರ್ ಹಾಕುವವರಾದರೆ ಚೈನ್ ಕವರ್ ಇರಲಿ. ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ಬೆಲ್ ಎಲ್ಲ ಸೇರಿಸಿ ಬೆಲೆ ಕೇಳಿ. ಈಗ ಇವೆಲ್ಲಕ್ಕೂ ಬೇರೆ ಬೇರೆ ಬಿಲ್ಲು ಹಾಕುವುದು ಮಾಮೂಲಾಗಿದೆ. ಬೀಗಕ್ಕೆ ಮಾತ್ರ ಜಿಪುಣತನ ಮಾಡಬೇಡಿ, ತೆಳು ತಂತಿಯದ್ದನ್ನು ಕಟಿಂಗ್ ಪ್ಲೇಯರ್‌ನಲ್ಲೇ ಕತ್ತರಿಸುತ್ತಾರೆ.

ಆದರೆ ನಾಳೆಯೇ ಹೋಗಿ ಕೊಳ್ಳಬೇಡಿ. ಅಕ್ಕಪಕ್ಕದ ಮನೆಯಲ್ಲಿ ಯಾರದ್ದಾದರೂ ಸೈಕಲ್ ಧೂಳು ಹಿಡಿದು ನಿಂತಿರುತ್ತದೆ, ಅಲ್ವಾ? ಅದನ್ನು ಕೇಳಿ ತಗೊಂಡು, ಗಾಳಿ ಹೊಡೆಸಿ, ಬ್ರೇಕ್ ರಬ್ಬರ್ ಬದಲಿಸಿ, ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಶಾಂತಿನಗರದವರೆಗೆ ಒಂದು ಸಲ ಹೋಗಿ ಬನ್ನಿ. ಹಿಂದೆಯೇ ಸ್ಕೂಟರ್‌ನಲ್ಲಿ ನಿಮ್ಮ ಮನೆಯವರೂ ಬರಲಿ. ವಿಲ್ಸನ್ ಗಾರ್ಡನ್‌ನಲ್ಲಿ ಇಡ್ಲಿ ತಿಂದು ವಾಪಸ್ ಬರುವಾಗ ಬೇಕಾದರೆ ಅವರೇ ಸೈಕಲ್ ಹೊಡೆಯಲಿ.